ನಾಲ್ಕು ಬೆರಳು ಎತ್ತರ

"ಆ ನೆಲಕ್ಕೆ ಕಂಬ ನೆಟ್ಟು ಏನನ್ನೂ ಎತ್ತಬೇಡಿ," ಎಂದಳು ಎದುರುಮನೆಯ ದರ್ಜಿ ಹೆಂಗಸು.

ಸರ್ವೇಯರ್‌ಗೆ ನಗು ಬಂತು. ಗುದ್ದಿಸಿಕೊಂಡ ಕಾರುಗಳನ್ನು ನೋಡಿ, ಮಾಲೀಕರು ಹೇಳುವ ಕತೆಯಲ್ಲಿ ಎಷ್ಟು ಸುಳ್ಳಿದೆ ಎಂದು ವಿಮೆ ಕಂಪನಿಗೆ ಬರೆದು ಕೊಡುವುದು ಅವನ ಕಸುಬು. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ, ಹೆಂಡತಿ ತಲೆನೋವು ಅಂದರೂ ಯಾವಾಗಿನಿಂದ, ಯಾವ ಕಡೆ ಎಂದು ವಿಚಾರಣೆಗೆ ಕೂರುವ ಆಸಾಮಿಯಾಗಿಬಿಟ್ಟಿದ್ದ. ಈ ಮನೆ ಕೊಂಡು ಮೂರು ತಿಂಗಳಾಗಿತ್ತು. ಕೊಂಡದ್ದೇ ಗ್ಯಾರೇಜಿನ ಆಸೆಗೆ. ಎತ್ತರದ ಸೂರು, ಗಟ್ಟಿ ನೆಲ, ಅಡುಗೆಮನೆಗೆ ಒಳಗಿಂದಲೇ ಒಂದು ಬಾಗಿಲು. ಕಾರು ಎತ್ತುವ ಲಿಫ್ಟು ಬಿಡಿಬಿಡಿಯಾಗಿ ಬಂದು ಮೂಲೆಯಲ್ಲಿ ಬಿದ್ದಿತ್ತು. ಎರಡು ಕಬ್ಬಿಣದ ಕಂಬ, ನಾಲ್ಕು ತೋಳು, ಒಂದು ಮೋಟಾರು. ನಾಳೆ ಫಿಟ್ಟರ್ ಬಂದು ಕೂರಿಸುವವನಿದ್ದ.

"ಎತ್ತಿದ್ರೆ ಏನಾಗುತ್ತೆ?" ಎಂದು ಕೇಳಿದ.

ಅವಳ ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಳು. ಅವನ ಮುಖ ನೋಡದೆ ಅವನ ಕಾಲ ಕೆಳಗಿನ ಕಾಂಕ್ರೀಟನ್ನೇ ನೋಡುತ್ತಿದ್ದಳು.

"ನೀವು ಎಷ್ಟು ಎತ್ತುತ್ತೀರೋ, ಮನೆಯವರೊಬ್ಬರು ಅಷ್ಟು ಇಳೀತಾರೆ."

"ಎಲ್ಲಿಗೆ?"

"ನೆಲದೊಳಕ್ಕೆ."

"ಇದನ್ನ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಮಾಡಿದವಳೇ ನಾನು."

ಅವಳು ಹೇಳಿದ್ದಿಷ್ಟು. ಅವಳ ಗಂಡ, ಗಂಡನ ಅಣ್ಣ ಇಬ್ಬರೂ ಇಲ್ಲಿ ಕಾರು ರಿಪೇರಿ ಮಾಡುತ್ತಿದ್ದರು. ಇಂಜಿನ್ ಎತ್ತುವ ಸರಪಳಿ ಸವೆದದ್ದು ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ತಮ್ಮನನ್ನು ಇಂಜಿನ್ನಿನ ಕೆಳಗೆ ಕಳಿಸಿದ. ಸರಪಳಿ ಹರಿಯಿತು. ರಕ್ತದ ಕಲೆ ತೊಳೆದರೂ ಹೋಗಲಿಲ್ಲವೆಂದು ಮೂರನೆಯ ದಿನ ಹೊಸ ಕಾಂಕ್ರೀಟ್ ಹಾಕಿಸಿದ. ಅದು ಹಸಿಯಿದ್ದಾಗಲೇ ಇವಳು ಜಡೆ ಕತ್ತರಿಸಿ, ಮಾಟ ಬಲ್ಲವರು ಹೇಳಿಕೊಟ್ಟ ಮಾತು ಹೇಳುತ್ತಾ, ಅದರೊಳಗೆ ಹುಗಿದಳು.

"ಬಿಚ್ಚೋದು ಹೇಗೆ ಅಂತ ಅವರು ಹೇಳ್ಲಿಲ್ಲ. ನನಗೂ ಆವತ್ತು ಬೇಕಿರ್ಲಿಲ್ಲ. ಇನ್ನೊಂದು ಮಾತಿದೆ ಸಾರ್, ಅದು ಮುಖ್ಯ..."

"ನಿಮ್ಮ ಕತೆಗೆ ಕ್ಲೇಮು ಪಾಸಾಗಲ್ಲಮ್ಮ," ಎನ್ನುತ್ತಾ ಸರ್ವೇಯರ್ ಶಟರ್ ಎಳೆದ. ಅದು ಗಡಗಡ ಇಳಿದು, ಅವಳ ಮುಖ, ಟೇಪು, ಕೊನೆಗೆ ಕಾಲಿನ ಚಪ್ಪಲಿ, ಎಲ್ಲವನ್ನೂ ಮುಚ್ಚಿತು. ಇನ್ನೊಂದು ಮಾತು ಆಚೆಯೇ ಉಳಿಯಿತು.

ಒಳಗೆ ಊಟದ ಮೇಜಿನ ಮೇಲೆ ಹೆಂಡತಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಶಾಲೆಯಲ್ಲಿ ಗಣಿತದ ಟೀಚರು. ಲಿಫ್ಟು ತರಿಸಿದ್ದೂ ಅವಳ ಒತ್ತಾಯಕ್ಕೇ. ರಜೆ ಬಂದರೆ ಸಾಕು, ಗಂಡ ಅಪ್ಪನ ಕಾಲದ ಹಳೇ ಕಾರಿನ ಕೆಳಗೆ ಅಂಗಾತ ಮಲಗುವುದು, ಸಂಜೆ ಬೆನ್ನು ಹಿಡಿದುಕೊಂಡು ನರಳುವುದು, ಇವಳು ಎಣ್ಣೆ ತಿಕ್ಕುವುದು. ಇದೇ ಆಗಿಹೋಗಿತ್ತು. ನಿಂತುಕೊಂಡೇ ಕೆಲಸ ಮಾಡಲಿ, ಇವನ ಬೆನ್ನು ಉಳಿಯಲಿ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅವನ ಪಾಲಿಗೆ ಈ ಲೋಕದಲ್ಲಿ ನಂಬಿಕೆಗೆ ಅರ್ಹವಾದ ಮನುಷ್ಯಜೀವಿ ಅವಳೊಬ್ಬಳೇ. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಅವಳಿಗೆ ಗೊತ್ತಿತ್ತು.

ದರ್ಜಿಯ ಮಾತನ್ನು ಅವನು ಅಣಕಿಸಿ ಹೇಳಿದ. ಅವಳು ನಕ್ಕಳು. "ನಾನಿರೋದೇ ನಾಲ್ಕು ಅಡಿ ಹತ್ತು ಇಂಚು. ಅದರಲ್ಲೂ ಇಳಿಸಿದ್ರೆ ಹುಡುಗರಿಗೆ ಬೋರ್ಡಿನ ಹತ್ರ ಕಾಣಿಸ್ತೀನಾ?" ನಕ್ಕಾದ ಮೇಲೆ ಕೆಂಪು ಪೆನ್ನನ್ನು ಕೆಳಗಿಟ್ಟಳು. "ಆದ್ರೂ ಪಾಪ, ಪೂರ್ತಿ ಕೇಳ್ಬೇಕಿತ್ತು ರೀ."

"ಕೇಳೋಕೆ ಅದೇನು ಹರಿಕತೆಯಾ," ಎಂದು ಅವನು ಸ್ನಾನಕ್ಕೆ ಹೋದ.

ಮರುದಿನ ಬೆಳಿಗ್ಗೆ ಫಿಟ್ಟರ್ ಬಂದು ನೆಲ ಕೊರೆಯತೊಡಗಿದ. ಒಂದೊಂದು ಕಂಬಕ್ಕೆ ಐದು ಬೋಲ್ಟು. ಮೊದಲ ತೂತಿನಿಂದ ಬೂದು ಪುಡಿ ಎದ್ದಿತು. ನಾಲ್ಕನೆಯದರಿಂದ ಎದ್ದ ಪುಡಿ ಕಪ್ಪಗಿತ್ತು. ಕೂದಲು ಸುಟ್ಟ ವಾಸನೆ ಗ್ಯಾರೇಜು ತುಂಬಿ, ಬಾಗಿಲ ಸಂದಿಯಿಂದ ಅಡುಗೆಮನೆಗೂ ನುಗ್ಗಿತು. ಫಿಟ್ಟರ್ ಡ್ರಿಲ್ ನಿಲ್ಲಿಸಿ ಮೂಗು ಮುಚ್ಚಿಕೊಂಡ.

"ಸಾರ್, ಇದೇನು?"

"ಯಾರೋ ಕ್ಷೌರದಂಗಡಿ ಗುಡಿಸಿ ಕಾಂಕ್ರೀಟಿಗೆ ಸುರಿದಿದ್ದಾರೆ. ನೀವು ಹೊಡೀರಿ."

ಡ್ರಿಲ್ಲಿನ ತುದಿಗೆ ಉದ್ದನೆಯ ಕಪ್ಪು ಎಳೆಗಳು ಸುತ್ತಿಕೊಂಡು ಬಂದವು. ಫಿಟ್ಟರ್ ಅವನ್ನು ಕೈಯಿಂದ ಮುಟ್ಟಲಿಲ್ಲ, ಇಕ್ಕಳದಿಂದ ಎಳೆದು ಎಸೆದ. ಬೋಲ್ಟುಗಳನ್ನು ಬಡಿದು ಬಿಗಿದ, ಮೋಟಾರಿಗೆ ಎಣ್ಣೆ ತುಂಬಿದ, ಕಾರನ್ನು ಕಂಬಗಳ ನಡುವೆ ತಂದು ನಿಲ್ಲಿಸಿದ. ಹೇಗೆ ಏರಿಸುವುದು, ಹೇಗೆ ಇಳಿಸುವುದು ಎಂದು ವಿವರಿಸಹೊರಟರೆ ಸರ್ವೇಯರ್ "ಗೊತ್ತು ಬಿಡಿ" ಎಂದ. ಊಟದ ಹೊತ್ತಿಗೆ ಫಿಟ್ಟರ್ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟ.

ಎದುರಿನ ಅಂಗಡಿಯಿಂದ ದರ್ಜಿ ಇತ್ತಲೇ ನೋಡುತ್ತಿದ್ದಳು. ಸರ್ವೇಯರ್ ಶಟರನ್ನು ಪೂರ್ತಿ ಇಳಿಸಿದ. ಧೂಳು ಒಳಗೆ ಹೋಗದಿರಲೆಂದು ಅಡುಗೆಮನೆಯ ಬಾಗಿಲನ್ನೂ ಮುಚ್ಚಿದ. ನಡುಮಧ್ಯಾಹ್ನವೇ ಕತ್ತಲೆಯಾಯಿತು. ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಸುಟ್ಟ ಕೂದಲಿನ ವಾಸನೆ ಇನ್ನೂ ಅಡಗಿರಲಿಲ್ಲ.

ನಾಲ್ಕು ತೋಳುಗಳನ್ನು ಕಾರಿನ ಹೊಟ್ಟೆಯ ಕೆಳಗೆ ಸರಿಸಿ ಗುಂಡಿ ಒತ್ತಿದ. ಮೋಟಾರು ಗರ್ಜಿಸಿತು. ಚಕ್ರಗಳು ನೆಲ ಬಿಟ್ಟವು. ಟಕ್, ಟಕ್, ಟಕ್ ಎಂದು ಕಂಬದೊಳಗಿನ ಕೊಕ್ಕೆಗಳು ಒಂದೊಂದು ಮೆಟ್ಟಿಲು ದಾಟಿದವು. ಒಂದಡಿ ಎತ್ತರದಲ್ಲಿ ನಿಲ್ಲಿಸಿ ಕಾರನ್ನು ಅಲುಗಾಡಿಸಿ ನೋಡಿದ. ಬಂಡೆಯಂತೆ ಕೂತಿತ್ತು.

"ರೀ, ಸ್ವಲ್ಪ ಇಲ್ಲಿ ಬನ್ನಿ," ಎಂದು ಒಳಗಿಂದ ಹೆಂಡತಿ ಕರೆದಳು. ದನಿ ಸ್ವಲ್ಪ ವಿಚಿತ್ರವಾಗಿತ್ತು, ನಗುವುದೋ ಬೇಡವೋ ಎಂಬಂತೆ. "ಕಾಲಿಗೆ ಏನೋ ಆಗಿದೆ."

"ಐದೇ ನಿಮಿಷ, ಬಂದೆ."

ಮತ್ತೆ ಗುಂಡಿ ಒತ್ತಿದ. ಎರಡಡಿ. ಮೋಟಾರಿನ ಸದ್ದಿನ ಹಿಂದೆ ಒಳಗೆ ತಟ್ಟೆಯೊಂದು ಬಾಗಿಲಿಗೆ ಬಂದು ಬಡಿಯಿತು. ಊಟಕ್ಕೆ ಬರಲಿಲ್ಲವೆಂದು ಸಿಟ್ಟು ನೆತ್ತಿಗೇರಿದೆ ಎಂದುಕೊಂಡು ಅವನು ಮುಗುಳ್ನಕ್ಕ. ಮೂರಡಿ. ಇನ್ನೊಂದು ತಟ್ಟೆ, ಒಂದು ಪಾತ್ರೆ, ಏನೋ ಕೂಗು. ನಾಲ್ಕಡಿ ಆಗುವಷ್ಟರಲ್ಲಿ ಪೈಪಿನ ಸಂದಿಯಿಂದ ಎಣ್ಣೆ ಜಿನುಗುವುದು ಕಂಡು ಗುಂಡಿ ಬಿಟ್ಟ. ಇಳಿಸುವ ಹಿಡಿಕೆಯನ್ನು ಒಮ್ಮೆ ಒತ್ತಿದ. ಕಾರು ಒಂದು ಕೂದಲೆಳೆಯಷ್ಟು ಕುಸಿದು ಕೊಕ್ಕೆಗಳ ಮೇಲೆ ಭದ್ರವಾಗಿ ಕೂತಿತು. ಮೋಟಾರು ನಿಂತಿತು.

ಆಗ ಸರಿಯಾಗಿ ಕೇಳಿಸಿತು. ಅವಳು ಅವನ ಹೆಸರು ಹಿಡಿದು ಚೀರುತ್ತಿದ್ದಳು. ಮದುವೆಯಾದಾಗಿನಿಂದ ಒಮ್ಮೆಯೂ ಹಾಗೆ ಹೆಸರು ಹಿಡಿದು ಕರೆದಿರಲಿಲ್ಲ.

ಬಾಗಿಲು ತೆಗೆದ. ಅಡುಗೆಮನೆಯ ನಡುವೆ ನೆಲದ ಮೇಲೆ ಹೆಂಡತಿಯ ತಲೆಯಿತ್ತು.

ಗದ್ದದವರೆಗೆ ನೆಲ. ಮೊಣಕೈಯಿಂದ ಮುಂದಕ್ಕೆ ಎರಡು ಕೈಗಳು ಹೊರಗಿದ್ದು, ಟೈಲ್ಸನ್ನು ಒತ್ತಿ ಹಿಡಿದಿದ್ದವು. ಒಂದು ಬಿರುಕಿಲ್ಲ. ಬಿಳಿ ಟೈಲು ಅವಳ ಕತ್ತಿನ ಸುತ್ತ, ಅಂಗಿಯ ಕಾಲರಿನಂತೆ, ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಅವಳ ತುಟಿ ನೀಲಿಗಟ್ಟಿತ್ತು.

ಅವನು ಮಂಡಿಯೂರಿ ಕೈ ಹಿಡಿದು ಎಳೆದ. ಮೂಳೆ ಕಳಚುವ ಸದ್ದಾಯಿತು. ಬೆರಳಗಲವೂ ಏಳಲಿಲ್ಲ.

"ಎಳೀಬೇಡಿ," ಎಂದಳು. ಗದ್ದ ಸಿಕ್ಕಿಕೊಂಡಿದ್ದರಿಂದ ಮಾತು ಹಲ್ಲುಗಳ ಸಂದಿಯಿಂದ ಬರುತ್ತಿತ್ತು. "ಕೆಳಗೆ ಮಣ್ಣಿಲ್ಲ. ಖಾಲಿ. ತುಂಬಾ ತಣ್ಣಗಿದೆ."

"ಹೆದರ್ಬೇಡ. ನಾನಿದೀನಿ."

"ರೀ, ಯಾರೋ ನನ್ನ ಪಾದ ಸವರ್ತಾ ಇದಾರೆ."

ಇಪ್ಪತ್ತು ವರ್ಷ ಯಾರ ಮಾತನ್ನೂ ನಂಬದವನು ಆಗ ನಂಬಿದ. ನಂಬಲೇಬೇಕಾದಷ್ಟನ್ನು ಒಂದೇ ಉಸಿರಿಗೆ ನಂಬಿದ. ಎತ್ತಿದಷ್ಟು ಇಳಿದಿದ್ದಾಳೆ. ಹಾಗಾದರೆ ಇಳಿಸಿದಷ್ಟು ಏಳುತ್ತಾಳೆ. ಓಡಿಹೋಗಿ ಇಳಿಸುವ ಹಿಡಿಕೆ ಒತ್ತಿದ. ಕಾರು ಅಲುಗಲಿಲ್ಲ. ಮತ್ತೆ ಒತ್ತಿದ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ಇಲ್ಲ. ಫಿಟ್ಟರಿಗೆ ಫೋನ್ ಮಾಡಿದ.

"ಕೊಕ್ಕೆ ಮೇಲೆ ಕೂತಿದೆ ಸಾರ್," ಎಂದ ಫಿಟ್ಟರ್. ಬಾಯಲ್ಲಿ ತುತ್ತಿತ್ತು. "ಮೊದಲು ಒಂದು ನಾಲ್ಕು ಬೆರಳು ಮೇಲೆತ್ತಿ. ಆಗ ಕೊಕ್ಕೆ ಸಡಿಲ ಆಗುತ್ತೆ. ಕಂಬದ ಪಕ್ಕ ಇರೋ ತಂತಿ ಎಳೆದು ಹಿಡ್ಕೊಂಡು ಇಳಿಸಿ."

"ಎತ್ತದೆ ಇಳಿಸೋಕೆ ಆಗಲ್ವಾ?"

"ಆಗಲ್ಲ."

"ಒಂದು ಬೆರಳು ಎತ್ತಿದ್ರೆ?"

"ಕೊಕ್ಕೆ ಬಿಡಲ್ಲ ಸಾರ್. ನಾಲ್ಕು ಬೇಕೇ ಬೇಕು. ಅದು ನಿಮ್ಮ ಸೇಫ್ಟಿಗೇ ಇರೋದು."

ನಾಲ್ಕು ಬೆರಳು. ಗದ್ದದಿಂದ ನಾಲ್ಕು ಬೆರಳು ಮೇಲಕ್ಕೆ ಅಳೆದರೆ ಬಾಯಿ ಮುಗಿದು ಮೂಗೂ ಮುಗಿಯುತ್ತದೆ.

ಅವನು ಅವಳ ಪಕ್ಕದಲ್ಲಿ ಟೈಲಿನ ಮೇಲೆ ಕೆನ್ನೆಯಿಟ್ಟು ಮಲಗಿ ಎಲ್ಲವನ್ನೂ ಹೇಳಿದ. ಮುಚ್ಚಿಡಲು ಮನಸ್ಸು ಬರಲಿಲ್ಲ. ಕಣ್ಣೀರು ಮೂಗಿನ ಮೇಲಿಂದ ಅಡ್ಡಕ್ಕೆ ಹರಿಯುತ್ತಿತ್ತು. ಅವಳು ಪರೀಕ್ಷೆಯ ಲೆಕ್ಕ ಕೇಳಿದಂತೆ ಕೇಳಿಸಿಕೊಂಡಳು.

"ಬಾಯಿ ಮತ್ತೆ ಹೊರಗೆ ಬರೋಕೆ ಎಷ್ಟು ಹೊತ್ತು?"

"ಹತ್ತು ಸೆಕೆಂಡು. ಹೆಚ್ಚಂದ್ರೆ ಹನ್ನೆರಡು."

"ಅಷ್ಟು ಹೊತ್ತು ಉಸಿರು ಹಿಡೀತೀನಿ."

"ಬೇರೆ ದಾರಿ ಹುಡುಕೋಣ. ಆ ದರ್ಜಿಯಮ್ಮನ್ನ ಕರ್ಕೊಂಡು ಬರ್ತೀನಿ, ಕೇಳೋಣ."

"ನನ್ನ ಬಿಟ್ಟು ಹೋಗ್ಬೇಡಿ," ಎಂದಳು. ಮೊದಲ ಸಲ ಅವಳ ದನಿ ಒಡೆಯಿತು. "ಪಾದದಿಂದ ಮಂಡಿಗೆ ಬಂದಿದೆ ಆ ಕೈ. ಬೇಗ ಮಾಡಿ ರೀ. ದಮ್ಮಯ್ಯ."

ಅವಳ ಹಣೆಗೆ ಮುತ್ತಿಟ್ಟು ಎದ್ದ. ಅವಳು ಮೂರು ಬಾರಿ ಉಸಿರೆಳೆದು ಬಿಟ್ಟಳು. ನಾಲ್ಕನೆಯದನ್ನು ಎಳೆದು ಕೆನ್ನೆ ಉಬ್ಬಿಸಿ ಹಿಡಿದಳು. ಕಣ್ಣಲ್ಲೇ ಹೂಂ ಎಂದಳು.

ಓಡಿದ. ಗುಂಡಿ ಒತ್ತಿದ. ಮೋಟಾರು ಗರ್ಜಿಸಿತು. ಒಂದು ಬೆರಳು. ಎರಡು. ಮೂರು. ನಾಲ್ಕು. ಬಿಟ್ಟ. ತಂತಿ ಎಳೆದ. ಕೊಕ್ಕೆಗಳು ಬಿಟ್ಟವು. ಹಿಡಿಕೆ ಒತ್ತಿದ. ಕಾರು ಇಳಿಯತೊಡಗಿತು. ಇಳಿಯಿತು. ಇಳಿಯುತ್ತಿದೆ. ಅವನು ಅಳುತ್ತಾ ನಕ್ಕ. ಎಣಿಸಿದ. ಎಂಟು. ಒಂಬತ್ತು. ಹತ್ತು. ಈಗ ಬಾಯಿ ಹೊರಗೆ ಬಂದಿರುತ್ತದೆ. "ಉಸಿರಾಡು," ಎಂದು ಕೂಗಿದ. "ಉಸಿರಾಡು, ಬಂತು, ಆಯ್ತು." ಉತ್ತರವಿಲ್ಲ. ಮೂರಡಿ. ಎರಡಡಿ. ಕೈ ಬಿಟ್ಟರೆ ಕಾರು ನಿಂತುಬಿಡುತ್ತದೆ, ಬಿಡುವಂತಿಲ್ಲ. ಒಂದಡಿ. ಚಕ್ರ ನೆಲ ಮುಟ್ಟಿತು.

ಓಡಿದ.

ಅಡುಗೆಮನೆಯ ನೆಲ ನುಣ್ಣಗಿತ್ತು. ಟೈಲಿಗೆ ಟೈಲು ಕೂಡಿಕೊಂಡಿತ್ತು. ಎರಡು ಕೈಗಳು ಊರಿದ್ದ ಜಾಗದಲ್ಲಿ ಉಗುರಿನ ಹತ್ತು ಗೀರುಗಳಿದ್ದವು. ಹತ್ತೂ ಒಳಮುಖವಾಗಿ ಹೋಗಿ ಒಂದೇ ಕಡೆ ಮುಗಿದಿದ್ದವು.

ಶಟರನ್ನು ಯಾರೋ ಎರಡೂ ಕೈಯಿಂದ ಬಡಿಯುತ್ತಿದ್ದರು. ಆ ಸದ್ದು ನಿಂತು, ಆಮೇಲೆ ಮುಂಬಾಗಿಲಿನಿಂದ ದರ್ಜಿ ಏದುಸಿರು ಬಿಡುತ್ತಾ ಒಳಗೆ ಬಂದಳು. ನೆಲ ನೋಡಿದಳು. ಗೋಡೆ ಹಿಡಿದು ಕುಸಿದು ಕೂತಳು.

"ಇಳಿಸಿಬಿಟ್ರಾ?"

ಅವನು ಅವಳನ್ನೇ ನೋಡಿದ.

"ಮೋಟಾರು ನಿಂತಿತ್ತು. ಅಲ್ಲಿಗೇ ಬಿಟ್ರಿ ಅಂದ್ಕೊಂಡೆ. ಏರಿಸಿದ್ರೂ ಇಳೀತಾರೆ, ಇಳಿಸಿದ್ರೂ ಇಳೀತಾರೆ. ಎತ್ತಿದ್ದನ್ನ ಹಾಗೇ ಬಿಟ್ಟಿದ್ರೆ..." ಅವಳು ಬರಿಗೈಯಿಂದ ಮುಖ ಒರೆಸಿಕೊಂಡಳು. "ನನ್ನ ಓರಗಿತ್ತಿ ಏಳು ವರ್ಷ ಸೊಂಟದವರೆಗೆ ಹೀಗೇ ಇದ್ಲು, ಇದೇ ಮನೇಲಿ. ನಾನೇ ಬಂದು ಊಟ ಮಾಡಿಸ್ತಿದ್ದೆ, ತಲೆ ಬಾಚ್ತಿದ್ದೆ. ಭಾವ ಇಂಜಿನ್ನನ್ನ ಏಳು ವರ್ಷ ತೂಗುಹಾಕೇ ಇಟ್ಟಿದ್ದ. ಆಮೇಲೆ ಒಂದಿನ ಸಾಕಾಗಿ ಇಳಿಸಿದ."

"ಕತ್ತಿನವರೆಗೆ ಇದ್ದಿದ್ರೆ?"

"ಬದುಕ್ತಿದ್ರು ಸಾರ್."

ಆಗ ನೆಲದೊಳಗಿಂದ ಸದ್ದು ಬಂತು. ತುಂಬಾ ಆಳದಿಂದ, ಗೆಣ್ಣಿನಿಂದ ತಟ್ಟಿದಂತೆ. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಸರ್ವೇಯರ್ ಟೈಲಿಗೆ ಕಿವಿಯಾನಿಸಿ ಬಿದ್ದ.

"ಇದ್ದಾಳೆ," ಎಂದ. "ಇನ್ನೂ ಇದ್ದಾಳೆ. ಒಡೆಯೋಣ, ಅಗೆಯೋಣ."

"ಭಾವನೂ ಅಗೆದ. ಮಣ್ಣು ಬಿಟ್ರೆ ಏನೂ ಸಿಗಲ್ಲ," ಎಂದಳು ದರ್ಜಿ. ಹೇಳಬಾರದೆಂದು ತುಟಿ ಕಚ್ಚಿಕೊಂಡಳು, ಆದರೆ ಹೇಳಿದಳು. "ಓರಗಿತ್ತಿ ಹನ್ನೊಂದು ದಿನ ತಟ್ಟಿದ್ಲು."

ಅವನು ಗೆಣ್ಣು ಮಡಚಿ ಟೈಲಿನ ಮೇಲೆ ಮೂರು ಸಲ ತಟ್ಟಿದ. ಕೆಳಗಿನಿಂದ ಕೂಡಲೇ ಉತ್ತರ ಬಂತು, ಆತುರದಿಂದ, ಗಂಡ ಬಿಡಿಸಲು ಬರುತ್ತಿದ್ದಾನೆಂದು ನಂಬಿದವಳು ತಟ್ಟುವ ಹಾಗೆ.