ಅಕ್ಷರಗಳು ಕೈಬಿಟ್ಟ ರಾಜ್ಯ

ಬಹಳ ಬಹಳ ಹಿಂದೆ, ಪಾರಸ ದೇಶದ ಉಪ್ಪಿನ ಮರುಭೂಮಿಯ ಆಚೆಗೆ, ಫಿರೂಜಾನ ಎಂಬ ರಾಜ್ಯವಿತ್ತು. ಅಲ್ಲಿನ ಅಕ್ಷರಗಳಿಗೆ ಜೀವವಿತ್ತು. ಅವು ಒಂದರ ಕೈ ಒಂದು ಹಿಡಿದು ಬಲದಿಂದ ಎಡಕ್ಕೆ ನಡೆಯುತ್ತಿದ್ದವು. ಅಂಗಡಿಯ ಮೇಲೆ ‘ರೊಟ್ಟಿ’ ಎಂದು ಬರೆದರೆ ಬರಹವೇ ಘಮಘಮಿಸುತ್ತಿತ್ತು. ಬಾವಿಕಟ್ಟೆಯ ಮೇಲೆ ‘ನೀರು’ ಎಂದು ಬರೆದರೆ ಕಲ್ಲು ತಣ್ಣಗೆ ಒಸರುತ್ತಿತ್ತು.

ಊರಿನ ಅಂಗಡಿ ಫಲಕ, ಪುಸ್ತಕದ ಹೊದಿಕೆ, ಹಬ್ಬದ ಭಿತ್ತಿಪತ್ರ, ಎಲ್ಲವನ್ನೂ ಬರೆಯುತ್ತಿದ್ದವಳು ಗುಲ್ನಾರ್ ಎಂಬ ಯುವತಿ. ಅವಳು ಜೊಂಡಿನ ಲೇಖನಿ ಹಿಡಿದರೆ ಅಕ್ಷರಗಳು ಕೊಕ್ಕರೆಯ ಹಿಂಡಿನಂತೆ ಓರೆಯಾಗಿ ಕಾಗದಕ್ಕೆ ಇಳಿದು ಬರುತ್ತಿದ್ದವು.

ಒಂದು ದಿನ ಜಂಗಾರ ಎಂಬ ಮಾಂತ್ರಿಕ ಕಬ್ಬಿಣದ ಯಂತ್ರವೊಂದನ್ನು ಎಳೆಸಿಕೊಂಡು ರಾಜ ಅರ್ದಲಾನನ ಆಸ್ಥಾನಕ್ಕೆ ಬಂದ.

“ಪ್ರಭು, ನಿಮ್ಮ ಅಕ್ಷರಗಳು ಸೋಮಾರಿಗಳು. ಒಂದು ಪುಟಕ್ಕೆ ಒಂದು ಬೆಳಗು ಬೇಕು. ನನ್ನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಊರಿಗೆಲ್ಲ ಸಾಕಾಗುವಷ್ಟು ಪುಟ ಅಚ್ಚೊತ್ತುತ್ತದೆ!”

ರಾಜ ಹಿಗ್ಗಿದ. ಗುಲ್ನಾರಳೂ ಹಿಗ್ಗಿದಳು. ತಾನು ಬರೆದ ಕತೆ ಪ್ರತಿ ಮನೆಗೂ ಹೋದರೆ ಎಷ್ಟು ಚೆನ್ನ!

ಆದರೆ ಜಂಗಾರನ ಅಕ್ಷರಗಳು ಎಲ್ಲವೂ ಒಂದೇ ಎತ್ತರ. ಪ್ರತಿಯೊಂದರ ಸುತ್ತ ಕಬ್ಬಿಣದ ಪೆಟ್ಟಿಗೆ. ಮೊದಲ ಹಾಳೆ ಒತ್ತುತ್ತಿದ್ದಂತೆ ಊರಿನ ಗೋಡೆಗಳ ಮೇಲಿದ್ದ ಅಕ್ಷರಗಳು ಬೆಚ್ಚಿ ಒಂದರ ಕೈ ಒಂದು ಬಿಟ್ಟವು. ಗುಬ್ಬಿಗಳಂತೆ ಹಾರಿ, ಜಂಗಾರ ವಾಸವಿದ್ದ ಕಬ್ಬಿಣಬೆಟ್ಟದ ಪಂಜರಗಳಲ್ಲಿ ಸೆರೆಯಾದವು. ಅದರೊಂದಿಗೆ ಜನರ ಮಾತೂ ಚೂರಾಯಿತು.

“ಗು... ಲ್... ನಾ...” ಎಂದಳು ತಾಯಿ ಶಹ್ಲಾ. ಮುಂದಿನದು ಬರಲಿಲ್ಲ. ಮಗಳನ್ನು ಅಪರಿಚಿತಳಂತೆ ನೋಡಿದಳು.

“ಹಿ... ಡಿ...” ಎಂದು ರಾಜ ತೊದಲಿದ. ಯಾರನ್ನು ಹಿಡಿಯಬೇಕೆಂದು ಕಾವಲುಗಾರರಿಗೆ ತಿಳಿಯಲಿಲ್ಲ. ಜಂಗಾರ ನಗುತ್ತಾ ಯಂತ್ರದೊಂದಿಗೆ ಬೆಟ್ಟಕ್ಕೆ ಹೊರಟುಹೋದ. ಬೆರಳಿನ ಮಸಿ ಇನ್ನೂ ಒಣಗದಿದ್ದುದರಿಂದ ಗುಲ್ನಾರಳ ಮಾತೊಂದೇ ಉಳಿದಿತ್ತು. ಅವಳು ಕಣ್ಣೊರೆಸಿಕೊಂಡು, ಲೇಖನಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಒಂದು ಸಿಂಹ. ಅಡಿಯಿಂದ ಮುಡಿಯವರೆಗೆ ಅಕ್ಷರಗಳಿಂದಲೇ ಬರೆದ ಸಿಂಹ. ಈಗ ಕೇಸರ ಒಂದು ಕಡೆ, ಬಾಲ ಇನ್ನೊಂದು ಕಡೆ.

“ಮುಂದೆ ಬಂದರೆ ತಿಂದುಬಿಡುತ್ತೇನೆ!”

“ಯಾವ ಬಾಯಿಂದ?” ಎಂದಳು ಗುಲ್ನಾರ್.

“ಅದನ್ನೇ ಹುಡುಕುತ್ತಿದ್ದೇನೆ,” ಎಂದು ಸಿಂಹ ಬಿಕ್ಕಿತು.

ಗುಲ್ನಾರ್ ಉಸಿರು ಬಿಗಿಹಿಡಿದು, ಲೇಖನಿ ಎತ್ತದೆ, ಬಾಲದಿಂದ ಬೆನ್ನಿಗೆ, ಬೆನ್ನಿಂದ ಕೇಸರಕ್ಕೆ ಒಂದೇ ಗೆರೆ ಎಳೆದಳು. ಸಿಂಹ ಎದ್ದು ಮೈಕೊಡವಿ ಗರ್ಜಿಸಿತು. “ನನ್ನ ಬೆನ್ನೇರು!”

ನಡುದಾರಿಯಲ್ಲಿ ನೀಲಿ ಹೆಂಚಿನ ಬಿಲ್ಲೆಗಳನ್ನು ಹೊದ್ದ ಗುಮ್ಮಟವೊಂದು ಅಡ್ಡ ನಿಂತಿತ್ತು. “ನನ್ನ ಬಿಲ್ಲೆಗಳೆಲ್ಲ ಚೌಕ. ಚೌಕದಲ್ಲಿ ನಿಲ್ಲುವ ಮಾತು ಬರೆದರೆ ದಾರಿ,” ಎಂದಿತು. ಗುಲ್ನಾರ್ ಬರೆದಳು. ಅವಳ ಬಳುಕುವ ಅಕ್ಷರಗಳು ಜಾರಿ ಬಿದ್ದವು. ಮತ್ತೆ ಬರೆದಳು, ಮತ್ತೆ ಜಾರಿದವು. ಸಿಟ್ಟಿನಿಂದ ತಲೆಯೆತ್ತಿದಾಗ ಗುಮ್ಮಟದ ತುದಿಯಲ್ಲಿ ಹಳಬರು ಜೋಡಿಸಿದ ನಾಲ್ಕಾರು ಬಿಲ್ಲೆಗಳು ಕಂಡವು. ಆ ಬಿಲ್ಲೆಗಳೇ ಅಕ್ಷರಗಳು! ನೇರ ಗೆರೆ, ಚೂಪು ಮೂಲೆ.

“ಅಯ್ಯೋ, ಚೌಕವಾದರೂ ಕೈ ಬಿಟ್ಟಿಲ್ಲವಲ್ಲ!” ಎಂದು ಅವಳು ಕುಣಿದಳು. ಗುಮ್ಮಟದಿಂದ ಉದುರಿ ಬಿದ್ದಿದ್ದ ಬಿಲ್ಲೆಗಳನ್ನು ಆಯ್ದು ‘ಬಾಗಿಲು’ ಎಂದು ಜೋಡಿಸಿದಳು. ಬಾಗಿಲು ತೆರೆಯಿತು.

ಶಿಖರದಲ್ಲಿ ಯಂತ್ರದ ಪಕ್ಕ ಜಂಗಾರ ಕಾದಿದ್ದ. “ನಿನ್ನ ಅಕ್ಷರಗಳನ್ನು ಈ ಯಂತ್ರಕ್ಕೆ ಹೊಂದಿಸು, ನೋಡೋಣ. ಕಾದ ಸೀಸ ಆರುವುದರೊಳಗೆ ಒಂದು ಮಾತು ಒತ್ತಬೇಕು. ಸೋತರೆ ನೀನೇ ಕಬ್ಬಿಣದ ಅಕ್ಷರ!”

“ಯಂತ್ರವನ್ನೇ ಪುಡಿಮಾಡಲೇ?” ಎಂದಿತು ಸಿಂಹ.

“ಬೇಡ! ಯಂತ್ರ ಏನು ತಪ್ಪು ಮಾಡಿದೆ? ಅಕ್ಷರಗಳ ಸುತ್ತಲಿನ ಈ ಪೆಟ್ಟಿಗೆಯ ಗೋಡೆ ಕೆಡವಬೇಕು.”

ಗುಲ್ನಾರ್ ಹೊಸ ಅಚ್ಚು ಕೊರೆಯತೊಡಗಿದಳು. ಮೊದಲ ಅಕ್ಷರಕ್ಕೆ ಮುಂದೆ ಚಾಚಿದ ಕೈ. ನಡುವಿನದಕ್ಕೆ ಎರಡೂ ಕಡೆ ಕೈ. ಕೊನೆಯದಕ್ಕೆ ಹಿಂದಿನದರ ಕೈ ಹಿಡಿದು ಕೆಳಗಿಳಿಯುವ ಬಾಲ. ಸೀಸ ಆರುತ್ತಾ ಬಂದಂತೆ ಅವಳ ಪಾದ ಕಬ್ಬಿಣವಾಯಿತು. ಮೊಣಕಾಲು ಕಬ್ಬಿಣವಾಯಿತು. ಸೊಂಟಕ್ಕೆ ಏರುತ್ತಿದ್ದಂತೆ ಅವಳು ಸೀಸ ಸುರಿದು, ಅಚ್ಚು ಜೋಡಿಸಿ, ಯಂತ್ರದ ಹಿಡಿಯನ್ನು ಜಗ್ಗಿ ಎಳೆದಳು.

ಕಾಗದದ ಮೇಲೆ ‘ಮೆಹ್ರ್’ ಎಂದು ಮೂಡಿತು. ಆ ನಾಡಿನಲ್ಲಿ ಪ್ರೀತಿಗೂ ಸೂರ್ಯನಿಗೂ ಅದೊಂದೇ ಮಾತು. ಹಾಳೆಯಿಂದ ಬಿಸಿಲು ಚಿಮ್ಮಿತು! ಗುಲ್ನಾರಳ ಕಾಲಿನ ಕಬ್ಬಿಣ ಕರಗಿತು, ಪಂಜರಗಳು ಕರಗಿದವು. “ಬೇರೆಯಾಗಿ! ಬೇರೆಯಾಗಿ!” ಎಂದು ಜಂಗಾರ ಮಂತ್ರ ಕೂಗಿದ. ಯಾವ ಅಕ್ಷರವೂ ಕೇಳಲಿಲ್ಲ. ಮಂತ್ರ ತಿರುಗಿ ಅವನಿಗೇ ತಗುಲಿ, ಅವನ ಮೈಯೇ ತುಕ್ಕಾಗಿ ಉದುರಿ, ಗಾಳಿಗೆ ತೂರಿಹೋಯಿತು.

ಅಕ್ಷರಗಳು ಸಾಲುಗಟ್ಟಿ ಊರಿಗೆ ಹಾರಿದವು. ಶಹ್ಲಾ ಬೀದಿಗೆ ಓಡಿ ಬಂದು ಮಗಳ ಹೆಸರನ್ನು ತುಂಡಾಗದಂತೆ ಕೂಗಿ ಕೂಗಿ ಅಪ್ಪಿಕೊಂಡಳು. ರಾಜ ಯಂತ್ರವನ್ನು ಮೆರವಣಿಗೆಯಲ್ಲಿ ತರಿಸಿ ಗುಲ್ನಾರಳಿಗೇ ಒಪ್ಪಿಸಿದ.

“ಇನ್ನು ಏನು ಒತ್ತುತ್ತೀ?” ಎಂದು ಕೇಳಿದ.

“ಎಲ್ಲರೂ ಕೇಳಿದ್ದೆಲ್ಲ!” ಎಂದಳು ಅವಳು.

ಅಂದಿನಿಂದ ಊರಿನ ಹುಡುಗ ಹುಡುಗಿಯರು ಅವಳ ಬಳಿ ಬಂದು ಹೊಸ ಹೊಸ ರೂಪದ ಅಕ್ಷರ ಕಡೆದರು. ದಪ್ಪನವು, ತೆಳ್ಳನವು, ನಗುವವು, ಕುಣಿಯುವವು. ನಾಟಕದ ಭಿತ್ತಿಪತ್ರಗಳು ತಾವೇ ಹಾಡು ಹೇಳಿ ಜನರನ್ನು ಕರೆದವು. ಮದುವೆಯ ಕರೆಯೋಲೆ ಬಿಚ್ಚಿದರೆ ಗುಲಾಬಿ ಎಸಳು ಉದುರಿದವು. ಫಿರೂಜಾನದ ಜನ ಓದುತ್ತಾ, ಹಾಡುತ್ತಾ, ನೂರು ಕಾಲ ಸುಖವಾಗಿ ಬಾಳಿದರು.