ಐದನೆಯವನಿಗೆ ಒಂದು ತಂಬಿಗೆ ನೀರು

ಅಜ್ಜಿ ಮುಚ್ಚಳ ಕೊಡಲು ಸುತರಾಂ ಒಪ್ಪಲಿಲ್ಲ.

ಊರಿನವರೆಲ್ಲ ಕೊಟ್ಟಾಗಿತ್ತು. ಬೇಕರಿಯಿಂದ ಹಿಟ್ಟಿನ ತಟ್ಟೆ ಬಂತು, ದರ್ಜಿಯ ಮನೆ ಸೂರಿನಿಂದ ಮಳೆನೀರಿನ ತಗಡು ಬಂತು, ಶಾಲೆಯವರು ಕಿಟಕಿಗೆ ಬಡಿದಿದ್ದ ಲೋಹದ ಹಾಳೆಯನ್ನೇ ಕಿತ್ತುಕೊಟ್ಟರು. ಯುದ್ಧದ ಕಾಲದಲ್ಲಿ ಬೆಟ್ಟದ ಮೇಲೆ ಬಿದ್ದ ವಿಮಾನವನ್ನು ಈ ಊರು ಚೂರುಚೂರಾಗಿ ಹೊತ್ತು ತಂದು ಸಂಸಾರಕ್ಕೆ ಹಚ್ಚಿಕೊಂಡಿತ್ತು. ಈಗ ಆ ಚೂರುಗಳನ್ನೆಲ್ಲ ಜೋಡಿಸಿ ಒಂದು ರೆಕ್ಕೆ ಮಾಡಿ, ಸತ್ತ ವಿಮಾನಿಗರ ಹೆಸರು ಕೆತ್ತಿದ ಕಲ್ಲಿನ ಪಕ್ಕ ನಿಲ್ಲಿಸಬೇಕೆಂದು ಊರಿನ ಸಮಿತಿ ತೀರ್ಮಾನಿಸಿತ್ತು. ಜೋಡಿಸುವ ಕೆಲಸ ಕಿಡಿಯ ಪಾಲಿಗೆ ಬಂತು. ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಅವಳದು. ಮಾತು ಚಟಪಟ ಸಿಡಿಯುತ್ತದೆಂದು ಚಿಕ್ಕಂದಿನಲ್ಲಿ ಬಿದ್ದ ಅಡ್ಡಹೆಸರು ಮುಂದೆ ಕಸುಬಿಗೂ ಒಪ್ಪಿಬಿಟ್ಟಿತ್ತು.

ರೆಕ್ಕೆಯ ತುದಿಯಲ್ಲಿ ಒಂದು ಮುಚ್ಚಳದಷ್ಟು ಜಾಗ ಖಾಲಿ ಉಳಿದಿತ್ತು. ಆ ಮುಚ್ಚಳ ಕಿಡಿಯ ಸ್ವಂತ ಅಜ್ಜಿಯ ಹಾಲಿನ ಪಾತ್ರೆಯ ಮೇಲೆ ಕೂತಿತ್ತು.

“ನಾಲ್ಕೇ ಹೆಸರು ಕೆತ್ತಿಸ್ತೀರಂತೆ. ಐದನೆಯವನೇನು ಗಾಳೀಲಿ ಕರಗಿ ಹೋದ್ನಾ?” ಅಜ್ಜಿ ಮುಚ್ಚಳದ ಮೇಲೆ ಅಂಗೈ ಊರಿದಳು. “ಅವನ ಹೆಸರು ಬರೋವರೆಗೂ ಇದು ಇಲ್ಲೇ ಇರುತ್ತೆ.”

“ಹಾಗಂತ ಸಮಿತಿಯವರಿಗೆ ಹೇಳು ಹೋಗಜ್ಜಿ. ನನ್ನ ಮೇಲೆ ಯಾಕೆ ಹರಿಹಾಯ್ತೀಯ?”

“ಅವರು ನನ್ನ ಮಾತು ಕೇಳಿ ನಗ್ತಾರೆ. ನೀನು ನಗಲ್ಲ ಅಂತ ನಿನಗೆ ಹೇಳ್ತಿದ್ದೀನಿ.”

ಕಿಡಿ ಮುಚ್ಚಳಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಈ ವಿಷಯದ ಹಿಂದೆ ಬಿದ್ದಿದ್ದವರು ನಿವೃತ್ತ ಭೂಗೋಳದ ಮೇಷ್ಟ್ರು. ಸೇನೆಯ ಕಚೇರಿಗಳಿಗೆ ಎಡತಾಕಿ ಅವರು ತಂದ ಮಾಹಿತಿಯ ಪ್ರಕಾರ ವಿಮಾನದಲ್ಲಿದ್ದವರು ಐದು ಜನ. ನಾಲ್ವರ ದೇಹಗಳು ವಿಮಾನದ ಪಕ್ಕದಲ್ಲೇ ಸಿಕ್ಕಿದ್ದವು. ಐದನೆಯವನ ಹೆಸರಿನ ಮುಂದೆ ಮಾತ್ರ ‘ಮೊದಲೇ ಹಾರಿಕೊಂಡ, ಸುಳಿವಿಲ್ಲ’ ಎಂದಿತ್ತು. ಜೊತೆಗಾರರನ್ನು ಬಿಟ್ಟು ತಲೆ ತಪ್ಪಿಸಿಕೊಂಡವನಿಗೆ ನಮ್ಮೂರ ಕಲ್ಲಿನಲ್ಲಿ ಜಾಗ ಯಾಕೆ ಎಂದು ಸಮಿತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿತು.

ಅಜ್ಜಿ ಹೇಳುತ್ತಿದ್ದ ಕತೆಯೇ ಬೇರೆ. ಅವಳಾಗ ಸಣ್ಣ ಹುಡುಗಿ. ಅಪ್ಪನ ಜೊತೆ ಮೇಕೆ ಅಟ್ಟಿಕೊಂಡು ಹೋದಾಗ, ವಿಮಾನ ಬಿದ್ದ ಜಾಗದಿಂದ ತುಂಬ ಮೇಲೆ ಆ ಐದನೆಯ ಹುಡುಗ ಸಿಕ್ಕಿದ್ದ. ಕಾಲು ಮುರಿದಿತ್ತು, ಮೈ ಸುಟ್ಟಿತ್ತು. ಇಬ್ಬರೂ ಅವನನ್ನು ಬಂಡೆಯ ನೆರಳಿಗೆ ಎಳೆದು ಮಲಗಿಸಿದರು. ಅವನು ನೀರು ಕೇಳಿದ. ಭಾಷೆ ತಿಳಿಯದಿದ್ದರೂ ತುಟಿ ನೋಡಿದರೆ ತಿಳಿಯುತ್ತಿತ್ತು. ಅವಳು ತಂಬಿಗೆ ಹಿಡಿದು ಕೆಳಗೆ ಓಡಿ, ನೀರು ತುಂಬಿಸಿಕೊಂಡು ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಅರ್ಧ ಚೆಲ್ಲಿಹೋಗಿತ್ತು. ಉಳಿದರ್ಧ ಕುಡಿದು ಅವನು ಸತ್ತ. ಅಪ್ಪ ಅಲ್ಲೇ ಮಣ್ಣು ಮಾಡಿ, ವಿಮಾನದ ಮೂತಿಯ ಫ್ಯಾನಿನಿಂದ ಮುರಿದುಬಿದ್ದ ಅಲಗೊಂದನ್ನು ತಲೆಯ ಕಡೆ ನೆಟ್ಟ. ಆ ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿಯೇ ಅಳಿಸಿಹೋಯಿತು, ಸ್ವಲ್ಪ ದಿನಕ್ಕೆ ಅಪ್ಪನೂ ಹೋದ. ವರ್ಷಗಳಾದ ಮೇಲೆ ಊರವರು ಆ ಅಲಗನ್ನು ಹುಡುಕಿ, ಬುಡ ಅಗೆದು ನೋಡಿದರು. ಏನೂ ಸಿಗಲಿಲ್ಲ. ಅಂದಿನಿಂದ ಅದು ಮಗುವಿನ ಕಲ್ಪನೆ ಎಂದಾಗಿತ್ತು.

ಸೋಮವಾರ ಹೆಸರು ಕೆತ್ತುವವನು ಬರಲಿದ್ದ. ಶನಿವಾರ ಬೆಳಗಿನ ಜಾವ ಕಿಡಿ, ಮೇಷ್ಟ್ರು, ಕಿಡಿಯ ಅಕ್ಕನ ಗಂಡ ಮೂವರೂ ಬೆಟ್ಟಕ್ಕೆ ಹೊರಟರು. ಭಾವ ವಿದ್ಯುತ್ ಇಲಾಖೆಯ ಲೈನ್‌ಮನ್. ಹಗ್ಗ, ಸೊಂಟದ ಬೆಲ್ಟು ಅವನದೇ.

“ಹುಷಾರು ಕಣೇ,” ಎಂದಳು ಅಜ್ಜಿ ಬಾಗಿಲಲ್ಲಿ. ಅವಳ ಎದೆ ಈಚೆಗೆ ನಾಲ್ಕು ಮೆಟ್ಟಿಲಿಗೂ ಸೋಲುತ್ತಿತ್ತು. “ಸಿಕ್ಕಿದ್ರೆ ಮಾತಾಡಿಸು. ಸುಮ್ನೆ ನೋಡ್ಕೊಂಡು ಬರಬೇಡ.”

ಬೆಟ್ಟ ಮೊದಲಿಗೆ ಒಳ್ಳೆಯ ನೆಂಟನ ಹಾಗೆ ಬರಮಾಡಿಕೊಂಡಿತು. ಹುಲ್ಲಿನ ಮೇಲೆ ಮಂಜು ಇನ್ನೂ ಆರಿರಲಿಲ್ಲ. ಕೆಳಗೆ ಊರಿನ ಹೊಗೆಗೂಡುಗಳು ಒಂದೊಂದಾಗಿ ಎಚ್ಚರಗೊಳ್ಳುತ್ತಿದ್ದವು. ದಾರಿಯಲ್ಲಿ ಸಣ್ಣ ಒರತೆ ಸಿಕ್ಕಲ್ಲೆಲ್ಲ ಪಕ್ಕದಲ್ಲಿ ಏನಾದರೊಂದು ನೆಟ್ಟಿತ್ತು: ಒಂದು ಕಡೆ ಸೌದೆಯ ಗೂಟ, ಇನ್ನೊಂದು ಕಡೆ ಬಟ್ಟೆ ಹೋದ ಕೊಡೆಯ ಕಡ್ಡಿ. ಮೇಯಿಸುವವರಿಗೆ ನೀರು ಕಂಡರೆ ಕೈಗೆ ಸಿಕ್ಕ ಉದ್ದನೆಯ ವಸ್ತು ನೆಟ್ಟು ಬರುವುದು ಅಲ್ಲಿನ ರೂಢಿ. ಹಿಂದೆ ಬರುವವರಿಗೆ ದೂರದಿಂದಲೇ ಕಾಣಬೇಕಲ್ಲ. ಭಾವ ಒಂದೊಂದಕ್ಕೂ ಕೈಯೆತ್ತಿ ನಮಸ್ಕಾರ ಹೇಳುತ್ತ ಹೋದ.

ಮಧ್ಯಾಹ್ನಕ್ಕೆ ಅಲಗು ಕಂಡಿತು. ಆಳೆತ್ತರದ ಲೋಹ, ತುದಿ ಬಾಗಿತ್ತು. ಸುತ್ತ ಬರೀ ಬಯಲು ಇಳಿಜಾರು. ಬುಡದಲ್ಲಿ ಹಳೆಯ ಅಗೆತದ ಗುಂಡಿ, ಅದರ ಪಕ್ಕ ತಣ್ಣಗೆ ಹರಿಯುವ ಒರತೆ. ಮೇಷ್ಟ್ರು ಮತ್ತೆ ಅಗೆಸಿದರು. ಮಣ್ಣು, ಮತ್ತೆ ಮಣ್ಣು.

“ಇಲ್ಲ ಕಣಮ್ಮ,” ಎಂದು ಅವರು ಕುಸಿದು ಕೂತರು. “ನಿಮ್ಮಜ್ಜಿಗೆ ಹೇಗೆ ಮುಖ ತೋರಿಸೋದು?”

ಕಿಡಿಗೆ ಅಜ್ಜಿಯ ಅಂಗೈ ಮುಚ್ಚಳದ ಮೇಲೆ ಊರಿದ್ದು ಕಣ್ಣಿಗೆ ಕಟ್ಟಿತು. ಅಳು ನುಂಗಿಕೊಳ್ಳಲು ಬಗ್ಗಿ ಒರತೆಗೆ ಬಾಟಲಿ ಹಿಡಿದಳು. ಅದು ತುಂಬುತ್ತಿದ್ದಂತೆ ಅವಳ ಕೈ ಗಕ್ಕನೆ ನಿಂತಿತು.

“ಮೇಷ್ಟ್ರೇ, ನೀರು ಇಲ್ಲೇ ಇದೆಯಲ್ಲ!”

“ಇದೆ. ಅದಕ್ಕೇನೀಗ?”

“ಅವನು ಇಲ್ಲೇ ಮಲಗಿದ್ದಿದ್ರೆ ಅಜ್ಜಿ ಯಾಕೆ ಓಡ್ತಿದ್ಲು? ಬಗ್ಗಿದ್ರೆ ಸಾಕಿತ್ತು. ಅರ್ಧ ಯಾಕೆ ಚೆಲ್ತಿತ್ತು?”

ಮೇಷ್ಟ್ರು ಎದ್ದು ನಿಂತರು. ಅಲಗನ್ನು ನೋಡಿದರು, ಒರತೆಯನ್ನು ನೋಡಿದರು. “ಅಲಗು ಗುಡ್ಡ ಕುಸಿದಾಗ ಕೆಳಗೆ ಬಂದಿರಬೇಕು. ಯಾರೋ ಮೇಯಿಸೋರು ನೋಡಿ, ನೀರಿಗೆ ಗುರುತಾಯ್ತು ಅಂತ ಇಲ್ಲಿ ನೆಟ್ಟಿದಾರೆ!”

“ನಾನೂ ಹಾಗೇ ಮಾಡ್ತಿದ್ದೆ,” ಎಂದ ಭಾವ. “ಇದು ಗೋರಿಯ ಗುರುತು ಅಂತ ಆ ಮೇಯಿಸೋನಿಗೇನು ಕನಸು ಬಿದ್ದಿತ್ತಾ?”

ಮೂವರ ಕಣ್ಣೂ ಮೇಲಕ್ಕೆ ಹೋಯಿತು. ಕುಸಿದ ಗುಡ್ಡದ ಗಾಯ ಬೆಳ್ಳಗೆ, ಸಡಿಲ ಕಲ್ಲುಗಳಿಂದ ತುಂಬಿ ಬಿದ್ದಿತ್ತು. ಅದರ ಆಚೆ ದಡದಲ್ಲಿ, ಎತ್ತರದಲ್ಲಿ, ಒಂದು ಬಂಡೆ ಮುಂದಕ್ಕೆ ಬಾಗಿ ನೆರಳು ಚೆಲ್ಲಿತ್ತು.

ಕುಸಿತದ ಅಂಚಿನವರೆಗೆ ಹತ್ತಿದ ಮೇಲೆ ಭಾವ ಅಲ್ಲಿದ್ದ ಗಟ್ಟಿ ಮರವೊಂದಕ್ಕೆ ಹಗ್ಗ ಬಿಗಿದು ತಾನು ಮೊದಲು ದಾಟಿದ. ಆಚೆಯ ಮರದ ಬುಡವೊಂದಕ್ಕೆ ಇನ್ನೊಂದು ತುದಿ ಕಟ್ಟಿದ.

“ಹಗ್ಗ ಬಿಡಬೇಡಿ. ಕಾಲು ಊರೋ ಮುಂಚೆ ತಟ್ಟಿ ನೋಡಿ!”

ಮೇಷ್ಟ್ರು ಹೊರಟರು. ಹಿಂದೆ ಕಿಡಿ.

ನಡುವೆ ಬಂದಾಗ ಕಲ್ಲು ಜಾರಿತು.

ಒಂದಲ್ಲ, ಇಡೀ ಇಳಿಜಾರೇ ಗರಗರ ಎಂದಿತು. ಮೇಷ್ಟ್ರ ಕಾಲು ತಪ್ಪಿತು. ಹಗ್ಗದ ಮೇಲೆ ಒಂದೇ ಕೈ ಉಳಿಯಿತು.

“ಕಿಡೀ!”

ಅವಳು ಮುಂದಕ್ಕೆ ಜಿಗಿದು ಅವರ ಬೆಲ್ಟನ್ನು ಹಿಡಿದಳು. ತೋಳು ಕಿತ್ತುಬರುವಂತಾಯಿತು. ಕಲ್ಲುಗಳು ಮೊಣಕಾಲಿಗೆ ಬಡಿಯುತ್ತ ಕೆಳಗೆ ಹಾರಿದವು.

“ಬಿಡು, ನೀನೂ ಬೀಳ್ತೀಯ!”

“ಸುಮ್ನಿರಿ ಮೇಷ್ಟ್ರೇ! ಎಡಗಾಲಿಗೆ ಬಂಡೆ ಇದೆ. ತುಳೀರಿ!”

ತುಳಿದರು. ಬಂಡೆ ಅಲುಗಲಿಲ್ಲ. ಭಾವ ತೆವಳಿಕೊಂಡು ಬಂದು ಮೇಷ್ಟ್ರ ಕಂಕುಳಿಗೆ ಕೈ ಹಾಕಿದ. ಆಚೆ ತಲುಪಿದಾಗ ಮೂವರೂ ಬೋರಲು ಬಿದ್ದು ಉಸಿರಾಡಿದರು. ಭಾವನ ಬಾಟಲಿ ಎಲ್ಲೋ ಉರುಳಿಹೋಗಿತ್ತು.

“ಇಳಿದ ಮೇಲೆ ನಿಮ್ಮಕ್ಕನಿಗೆ ಇದನ್ನ ಹೇಳಬೇಡ,” ಎಂದ ಭಾವ. “ಕಂಬ ಹತ್ತೋದಕ್ಕೂ ಬಿಡಲ್ಲ.”

ಬಂಡೆಯ ಕೆಳಗೆ ನೆಲ ಒಣಗಿತ್ತು, ಮಳೆಯೂ ಮುಟ್ಟದ ಜಾಗ. ಅಲ್ಲಿ ಒಬ್ಬ ಮನುಷ್ಯನ ಉದ್ದಕ್ಕೆ ಕಲ್ಲು ಪೇರಿಸಿತ್ತು. ಕುಸಿತ ಅದರ ತಲೆಯ ಕಡೆಯ ಅಂಚನ್ನು ಮಾತ್ರ ಕಚ್ಚಿಕೊಂಡು ಹೋಗಿತ್ತು, ಅಲಗು ಅಲ್ಲಿದ್ದಿರಬೇಕು. ಕಲ್ಲುಗಳ ನಡುವೆ ಹಿತ್ತಾಳೆ ತಂಬಿಗೆಯೊಂದು ಹಸಿರುಗಟ್ಟಿ ಬೋರಲಾಗಿ ಕೂತಿತ್ತು.

ಕಿಡಿ ಮಂಡಿಯೂರಿ ತಂಬಿಗೆಯನ್ನು ಎತ್ತಿದಳು. ಕೆಳಗೆ ಒಂದು ಸಣ್ಣ ಲೋಹದ ಬಿಲ್ಲೆ ಇತ್ತು, ಸೈನಿಕರು ಕೊರಳಿಗೆ ಹಾಕಿಕೊಳ್ಳುವಂಥದ್ದು. ಕಳೆದುಹೋಗದಿರಲೆಂದು ಮುತ್ತಜ್ಜ ತಂಬಿಗೆಯಿಂದ ಮುಚ್ಚಿಟ್ಟಿದ್ದ. ಮೇಷ್ಟ್ರು ಅದನ್ನು ಅಂಗಿಯ ಅಂಚಿನಿಂದ ಒರೆಸಿ, ಅಕ್ಷರ ಅಕ್ಷರವಾಗಿ ಓದಿದರು. ಐದನೆಯ ಹೆಸರೇ. ಅವರ ಕನ್ನಡಕ ಮಂಜಾಯಿತು.

“ಎಲ್ಲೂ ಓಡಿ ಹೋಗಿರಲಿಲ್ಲ,” ಎಂದರು. “ಇಲ್ಲೇ ಇದ್ದ, ಪಾಪ.”

“ತಂಬಿಗೇನೂ ತಗೊಂಡು ಹೋಗೋಣ,” ಎಂದ ಭಾವ. “ಸಮಿತಿಯವರ ಮುಂದೆ ಇಟ್ರೆ ಬಾಯಿ ಮುಚ್ಕೋತಾರೆ.”

“ಅವರಿಗೆ ಬಿಲ್ಲೆ ಸಾಕು ಭಾವ. ಇದು ಅವನದು.”

ಕಿಡಿ ಮಣ್ಣು ಕೊಡವಿ, ತಂಬಿಗೆಯನ್ನು ನೆಟ್ಟಗೆ ಅವನ ತಲೆಯ ಬಳಿ ಇಟ್ಟಳು. ತನ್ನ ಬಾಟಲಿಯ ಮುಚ್ಚಳ ತಿರುಗಿಸಿದಳು. ಮೂವರ ಪಾಲಿಗೆ ಉಳಿದದ್ದು ಅಷ್ಟೇ ನೀರು, ಮತ್ತೆ ಒರತೆಗೆ ಇಳಿಯುವ ದಾರಿ ಇನ್ನೂ ಬಾಕಿ ಇತ್ತು. ಭಾವ ತುಟಿ ಸವರಿಕೊಂಡನೇ ಹೊರತು ಬೇಡ ಎನ್ನಲಿಲ್ಲ. ಅವಳು ನಿಧಾನವಾಗಿ ಸುರಿದಳು.

“ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಪ್ಪ,” ಎಂದಳು. “ಅಜ್ಜಿ ಕಳಿಸಿದ್ದು.”

ಇಳಿದು ಬಂದಾಗ ಸಂಜೆ ಬಿಸಿಲು ಅಜ್ಜಿಯ ಬಾಗಿಲಲ್ಲೇ ಇತ್ತು, ಅಜ್ಜಿಯೂ ಅಲ್ಲೇ ಇದ್ದಳು. ಮೇಷ್ಟ್ರು ಕುಂಟುತ್ತ ಬಂದು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಬಹಳ ಹೊತ್ತು ಸವರಿದಳು.

“ಸೋಮವಾರ ಐದು ಹೆಸರು, ಅಮ್ಮ,” ಎಂದರು ಮೇಷ್ಟ್ರು. “ನಾನೇ ಮುಂದೆ ನಿಂತು ಕೆತ್ತಿಸ್ತೀನಿ.”

ಅಜ್ಜಿ ತಲೆಯಾಡಿಸಿದಳು. ಅವಳ ಕಣ್ಣು ಮಾತ್ರ ಕಿಡಿಯ ಮೇಲಿತ್ತು.

“ತಂಬಿಗೆ?”

“ಅಲ್ಲೇ ಬಿಟ್ಟೆ ಅಜ್ಜಿ. ನೀರು ತುಂಬಿಸಿಟ್ಟು ಬಂದೆ.”

ಅಷ್ಟು ವರ್ಷ ಯಾರನ್ನೂ ಕೇಳದಿದ್ದ ಮಾತನ್ನು ಅಜ್ಜಿ ಆ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು.

“ಚೆಲ್ಲಲಿಲ್ವಾ?”

“ಒಂದು ಹನಿಯೂ ಇಲ್ಲ.”

ಅಜ್ಜಿ ಗೋಡೆ ಹಿಡಿದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮುಚ್ಚಳವಿತ್ತು, ತೊಳೆದು ಒರೆಸಿದ್ದಳು.

“ತಗೋ,” ಎಂದಳು. “ಹಾಲಿಗೆ ತಟ್ಟೆ ಮುಚ್ಚಿದ್ದೀನಿ.”