ಏಳು ದನಿಯ ಮನುಷ್ಯ ಮತ್ತು ಹನ್ನೊಂದು ಓದುಗರು

"ಎಷ್ಟು ಜನ ಇದ್ದೀರಾ ಒಳಗೆ?"

ಕಟ್ಟಡದ ತುತ್ತತುದಿಯ ಮೋಟಾರ್ ಕೋಣೆಯಲ್ಲಿ ನಿಂತು, ಲಿಫ್ಟಿನ ತುರ್ತು ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ. ಬಂದ ಉತ್ತರಕ್ಕೆ ಕೈಯಲ್ಲಿದ್ದ ಟಾರ್ಚು ಜಾರಿಬಿತ್ತು.

"ಅಯ್ಯೋ ಮಗಳೇ, ಮಂಡಿ ಹಿಡ್ಕೊಂಡಿದೆ ಕಣಮ್ಮ, ಬೇಗ ತೆಗಿ..." ಒಬ್ಬರು ಅಜ್ಜಿ.

"ನಂಗೆ ಸೂಸು ಬಂತು!" ಒಂದು ಮಗು.

"ಬಂಧುಗಳೇ, ಈ ಲಿಫ್ಟು ನಿಂತಿದ್ದಕ್ಕೆ ಹಿಂದಿನವರೇ ಕಾರಣ!" ಯಾರೋ ಭಾಷಣಕಾರ. ಅವನನ್ನು ಗದರಿಸುವ ಟೀಚರಮ್ಮ. ಕೆಮ್ಮುವ ತಾತ. ನಡುವೆ ಒಬ್ಬ ಗೊರಕೆ ಬೇರೆ ಹೊಡೆಯುತ್ತಿದ್ದ. ಕೊನೆಗೆ... ಕತ್ತೆ?! ಹೌದು, ಸಾಕ್ಷಾತ್ ಕತ್ತೆಯೇ ಅರಚಿತು!

ಲಿಫ್ಟ್ ರಿಪೇರಿ ಅವಳ ಕಸುಬು. ಒಂಬತ್ತು ವರ್ಷದಲ್ಲಿ ಸೋಫಾ ತುರುಕಿದವರನ್ನು ಕಂಡಿದ್ದಳು, ಕತ್ತೆ ಹತ್ತಿಸಿದವರನ್ನಲ್ಲ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಂಟು ಜನರ ಲಿಫ್ಟು, ಐದು ಮತ್ತು ಆರನೇ ಮಹಡಿಗಳ ನಡುವೆ ಸಿಕ್ಕಿಕೊಂಡಿದೆ. ಹಗ್ಗದ ಆಚೆ ತುದಿಯಲ್ಲಿ ಸರಿದೂಗಿಸಲು ಕಬ್ಬಿಣದ ಭಾರ. ಒಳಗೆ ಜನ ಹೆಚ್ಚಿದ್ದರೆ, ಬ್ರೇಕ್ ಸಡಿಲಿಸಿದಾಗ ಲಿಫ್ಟು ಕೆಳಕ್ಕಿಳಿಯುತ್ತದೆ, ಕಡಿಮೆಯಿದ್ದರೆ ಮೇಲಕ್ಕೇರುತ್ತದೆ. ಆರು ಜನ, ಜೊತೆಗೊಂದು ಕತ್ತೆ... ಇಳಿಯಲೇಬೇಕು!

"ಅಣ್ಣಾ, ಐದನೇ ಮಹಡಿ ಬಾಗಿಲ ಹತ್ರ ನಿಂತ್ಕೊಳ್ಳಿ, ಅಲ್ಲಿಗೇ ಬರುತ್ತೆ," ಎಂದು ವಾಚ್‌ಮನ್‌ಗೆ ಫೋನಿನಲ್ಲಿ ಹೇಳಿ, ಬ್ರೇಕ್ ಸಡಿಲಿಸಿದಳು.

ಲಿಫ್ಟು ತಣ್ಣಗೆ ಮೇಲಕ್ಕೆ ಹೊರಟಿತು!

ಅದು ಆರನೇ ಮಹಡಿಗೆ ಬಂದೊಡನೆ ಬ್ರೇಕ್ ಬಿಗಿದಳು. ಮೆಟ್ಟಿಲು ಹಾರಿಕೊಂಡು ಅಲ್ಲಿಗೆ ಓಡಿದಳು. ಕೀಲಿ ಹಾಕಿ ಬಾಗಿಲು ಸರಿಸಿದರೆ, ಚೀಲವನ್ನು ಎದೆಗವುಚಿಕೊಂಡ ಒಬ್ಬನೇ ಒಬ್ಬ ಗಂಡಸು. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ಉಳಿದವರೆಲ್ಲಿ?"

"ಯಾರು ಮೇಡಂ?"

"ಅಜ್ಜಿ... ಮಗು... ಆ ಕತ್ತೆ!"

ಅವನು ಬೆರಳಿನಿಂದ ತನ್ನ ಗಂಟಲು ತೋರಿಸಿದ. "ಎಲ್ಲಾ ಇಲ್ಲೇ ಬಾಡಿಗೆಗಿದ್ದಾರೆ. ಹೆದರಿಕೆ ಆದ್ರೆ ಎಲ್ರೂ ಒಟ್ಟಿಗೆ ಆಚೆ ಬರ್ತಾರೆ."

ಒಂದು ಕೊರಳಲ್ಲಿ ಇಷ್ಟೊಂದು ಸಂಸಾರವೇ!

ಹದಿನಾಲ್ಕನೇ ಮಹಡಿಯ ಸ್ಟುಡಿಯೋದಲ್ಲಿ ಮಕ್ಕಳ ಕಾರ್ಟೂನಿಗೆ ದನಿ ಕೊಡುವವನು ಅವನು. ಅಂದು ತಡವಾಯಿತೆಂದು ಲಿಫ್ಟು ಹತ್ತಿದ್ದನಂತೆ. ಮೆಟ್ಟಿಲ ಮೇಲೆ ಕುಳಿತು ನೀರು ಕುಡಿಯುತ್ತಾ ಮೆಲ್ಲಗೆ ಹೇಳಿದ, "ಮುಚ್ಚಿದ ಬಾಗಿಲು ಅಂದ್ರೆ ಆಗಲ್ಲ ನಂಗೆ. ದಿನಾ ಹದಿನಾಲ್ಕು ಮಹಡಿ ಹತ್ತಿ ಹೋಗ್ತೀನಿ. ವ್ಯಾಯಾಮ ಅಂತ ಬುರುಡೆ ಬಿಟ್ಟಿದ್ದೀನಿ, ಎಲ್ರೂ ಪೈಲ್ವಾನ್ ಅಂತಾರೆ. ಯಾರಿಗೂ ಹೇಳಿಲ್ಲ ಇದನ್ನ..."

'ನನಗೆ ಮಾತ್ರ ಹೇಳಿದ!' ಅವಳ ಎದೆಯೊಳಗೆ ಏನೋ ಒಂದು ಮಹಡಿ ಮೇಲೇರಿತು.

ಆ ಲಿಫ್ಟನ್ನು ವಾರಕ್ಕೊಮ್ಮೆ ಪರೀಕ್ಷಿಸುವವಳು ಅವಳೇ. ಪ್ರತಿ ವಾರವೂ ಅವನು ಕಾಯತೊಡಗಿದ. ಮೊದಲ ವಾರ ಅವಳ ಜೊತೆ ಲಿಫ್ಟಿನಲ್ಲಿ ಒಂದು ಮಹಡಿ, ಮುಂದಿನ ವಾರ ಎರಡು. ಕತ್ತಲ ಸುರಂಗದಲ್ಲಿ ಆ ಭಾರ ಸದ್ದಿಲ್ಲದೆ ಕೆಳಗಿಳಿಯುವುದನ್ನು ಮೋಟಾರ್ ಕೋಣೆಯ ಕಿಂಡಿಯಿಂದ ತೋರಿಸಿದಾಗ ಅವನು ಮಗುವಿನಂತೆ ನಿಬ್ಬೆರಗಾದ. "ನಾವು ಮೇಲೆ ಹೋಗ್ಲಿ ಅಂತ ಇನ್ಯಾರೋ ಕೆಳಗಿಳೀತಾರೆ ಅಲ್ವಾ ರೀ?" ಎಂದ. ಒಂಬತ್ತು ವರ್ಷ ಅದೇ ಭಾರಕ್ಕೆ ಗ್ರೀಸು ಹಚ್ಚಿದವಳಿಗೆ ಇದು ಹೊಳೆದಿರಲಿಲ್ಲ!

ಅವಳಿಗೊಂದು ಬ್ಲಾಗೂ ಇತ್ತು. ಹೆಸರು 'ಮೇಲೆ ಕೆಳಗೆ'. ಕೆಲಸ ಮುಗಿದ ಮೇಲೆ ಲಿಫ್ಟುಗಳ ಬಗ್ಗೆ, ಒಳಗೆ ಸಿಕ್ಕಿಕೊಂಡವರ ಬಗ್ಗೆ ಬರೆಯುತ್ತಿದ್ದಳು. ಒಂದು ವರ್ಷಕ್ಕೆ ಹನ್ನೊಂದು ಓದುಗರು. ಹನ್ನೊಂದರಲ್ಲಿ ಎರಡು ತನ್ನದೇ ಫೋನು ಮತ್ತು ಕಂಪ್ಯೂಟರು ಎಂಬುದು ಅವಳು ಕಲಿತ ಮೊದಲ ಪಾಠ.

"ಓದೋರು ಮೂರು ಮತ್ತೊಂದು ಜನ, ಇವಳ ಪೋಸು ನೋಡು," ಎಂದು ಅತ್ತಿಗೆ ರೇಗಿಸುತ್ತಿದ್ದಳು. ಆ ಮತ್ತೊಂದು ಅತ್ತಿಗೆಯೇ.

ಐದನೇ ವಾರ, ಮನಸ್ಸು ತುಂಬಿ ಬಂದು, 'ಏಳು ದನಿಯ ಮನುಷ್ಯ' ಎಂದು ಬರೆದಳು. ಅಜ್ಜಿ, ಕತ್ತೆ, ಬೆವರು, ಮೆಟ್ಟಿಲು, ಪೈಲ್ವಾನ್... ಒಂದನ್ನೂ ಬಿಡಲಿಲ್ಲ. ಹೆಸರು ಹಾಕಲಿಲ್ಲ, ಅಷ್ಟೇ. ಅವನಿಗೆ ಅಚ್ಚರಿ ಕೊಡಬೇಕೆಂದು ಹೇಳಲೂ ಇಲ್ಲ.

ಬೆಳಗ್ಗೆ ನಾನೂರು ಓದುಗರು. ಮಧ್ಯಾಹ್ನಕ್ಕೆ ಆರು ಸಾವಿರ. ಮೂರನೇ ದಿನ ನಲವತ್ತು ಸಾವಿರ!

ಒಂದು ಇಡೀ ಊರು ತನ್ನ ವಾಕ್ಯದೊಳಗೆ ಬಂದು ಕುಳಿತಿದೆ! ಅವಳಿಗೆ ಅನ್ನ ಸೇರಲಿಲ್ಲ. ಪ್ರಕಾಶಕರೊಬ್ಬರಿಂದ ಪತ್ರ ಬೇರೆ: 'ಆ ಮನುಷ್ಯನ ಬಗ್ಗೆ ಇನ್ನೂ ಬರೆಯಿರಿ, ಪುಸ್ತಕ ಮಾಡೋಣ.'

ಆ ವಾರ ಅವನು ಕಾಯುತ್ತಿದ್ದ. ಆದರೆ ಲಿಫ್ಟಿನಿಂದ ದೂರ, ಗೋಡೆಗೆ ಒರಗಿ.

"ಓದಿದ್ರಾ?" ಅವಳ ಕಣ್ಣಲ್ಲಿ ದೀಪ.

"ಸ್ಟುಡಿಯೋದಲ್ಲಿ ಎಲ್ರೂ ಓದಿದ್ರು. ಗಟ್ಟಿಯಾಗಿ. ನನ್ನನ್ನೇ ಮಿಮಿಕ್ರಿ ಮಾಡ್ಕೊಂಡು." ಅವನು ನಗಲು ನೋಡಿದ, ಆಗಲಿಲ್ಲ. "ರೆಕಾರ್ಡಿಂಗ್ ಕೋಣೆಗೆ ಹೋದ್ರೆ, 'ಬಾಗಿಲು ಹಾಕ್ಲಾ, ತೆಗೀಲಾ?' ಅಂತ ಹತ್ತು ಸಲ ಕೇಳ್ತಾರೆ. ಅಲ್ಲಿ ನಂಗೆ ಭಯ ಇರ್ಲಿಲ್ಲ. ಈಗ ಅಲ್ಲೂ ಬಂತು. ಮೊನ್ನೆ ನಾಲಿಗೆಯೇ ಹೊರಳಲಿಲ್ಲ. ಕತ್ತೆ ಪಾರ್ಟು ಬೇರೆಯವ್ರಿಗೆ ಹೋಯ್ತು."

"ನಾನು... ಪ್ರೀತಿಯಿಂದ ಬರೆದೆ..."

"ಗೊತ್ತು. ಚೆನ್ನಾಗೂ ಬರೆದಿದ್ದೀರಿ. ಆದ್ರೆ ನಾನು ಹೇಳಿದ್ದು ನಿಮ್ಮೊಬ್ಬರಿಗೆ. ನಲವತ್ತು ಸಾವಿರ ಜನಕ್ಕಲ್ಲ."

ಅವನು ಮೆಟ್ಟಿಲು ಹತ್ತಿ ಹೋದ. ಒಂದೊಂದೇ ಹೆಜ್ಜೆ... ಹದಿನಾಲ್ಕು ಮಹಡಿ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಅಳಿಸುವ ಗುಂಡಿಯ ಮೇಲೆ ಬೆರಳು.

"ತಲೆ ಕೆಟ್ಟಿದ್ಯಾ? ಪುಸ್ತಕ ಮಾಡ್ತೀನಿ ಅಂತಿದ್ದಾರೆ!" ಅತ್ತಿಗೆ ಹೌಹಾರಿದಳು.

"ಅತ್ತಿಗೆ, ಅದು ನನ್ನ ಕಥೆ ಆಗಿರ್ಲಿಲ್ಲ. ಕೇಳದೇ ಎತ್ಕೊಂಡು ಬಂದೆ."

ಅತ್ತಿಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು. "ಸರಿ, ಒತ್ತು. ನಾನಿದ್ದೀನಿ."

ಒತ್ತಿದಳು. ಪ್ರಕಾಶಕರಿಗೆ 'ಆಗುವುದಿಲ್ಲ' ಎಂದು ಬರೆದಳು. ಹದಿನೈದು ದಿನದಲ್ಲಿ ಓದುಗರ ಸಂಖ್ಯೆ ಜಾರುಬಂಡೆಯಲ್ಲಿ ಕುಳಿತಂತೆ ಇಳಿದು, ಮತ್ತೆ ಹನ್ನೊಂದಕ್ಕೆ ಬಂದು ನಿಂತಿತು. ವಿಚಿತ್ರವೆಂದರೆ, ಅವಳಿಗೆ ಅಳು ಬಂದದ್ದು ಅದಕ್ಕಲ್ಲ. ಎರಡು ವಾರವೂ ಲಿಫ್ಟಿನ ಹತ್ತಿರ ಯಾರೂ ಕಾಯುತ್ತಿರಲಿಲ್ಲ.

ಮೂರನೇ ವಾರ, ಸ್ಟುಡಿಯೋ ಊಟಕ್ಕೆ ಬಿಡುವ ಹೊತ್ತಿಗೆ, ಎದುರು ರಸ್ತೆಯ ಕಲ್ಲುಬೆಂಚಿನಲ್ಲಿ ಅವನನ್ನು ಹಿಡಿದಳು. ಕೈಯಲ್ಲಿ ಎರಡು ಹಾಳೆ, ಪೆನ್ನಿನಲ್ಲಿ ಬರೆದದ್ದು.

"ಬ್ಲಾಗಿಗೆ ಬರೆದಿದ್ದೀನಿ. ಇನ್ನೂ ಹಾಕಿಲ್ಲ. ಈ ಸಲ ಮೊದಲು ನೀವು. ನೀವು ಬೇಡ ಅಂದ್ರೆ ಹರಿದುಹಾಕ್ತೀನಿ, ಬೇಜಾರಿಲ್ಲ."

ಅವನು ಹಾಳೆಗಳನ್ನು ನೋಡಿದ, ಅವಳನ್ನು ನೋಡಿದ. "ನಾನು ಕಣ್ಣಲ್ಲಿ ಓದಲ್ಲ ರೀ. ಬಾಯಲ್ಲೇ."

ಗಂಟಲು ಸರಿಮಾಡಿಕೊಂಡು ಓದತೊಡಗಿದ.

'ಬ್ಲಾಗು ಶುರುಮಾಡಿದಾಗ, ಎಷ್ಟು ಜನ ಓದುತ್ತಾರೆ ಎಂಬುದೇ ಪ್ರಶ್ನೆ ಎಂದುಕೊಂಡಿದ್ದೆ. ಯಾರ ಮಾತನ್ನು ನಾನು ಬರೆಯಬಹುದು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಒಬ್ಬರು ನಂಬಿ ಹೇಳಿದ ಮಾತು, ಬಾಗಿಲು ಮುಚ್ಚಿದ ಕೋಣೆಯಂತೆ. ತಟ್ಟದೆ ಒಳಗೆ ಹೋಗಬಾರದು. ನಾನು ನಲವತ್ತು ಸಾವಿರ ಜನರನ್ನು ಕರೆದುಕೊಂಡು ನುಗ್ಗಿದ್ದೆ...'

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಪಕ್ಕದ ಅಂಗಡಿಯಲ್ಲಿ ಯಾರೋ ಜಗಳವಾಡುತ್ತಿದ್ದರು. ಅವಳಿಗೆ ಒಂದೂ ಕೇಳಿಸಲಿಲ್ಲ. ಅವಳು ಬರೆದ ಮಾತುಗಳೇ. ಆದರೂ ಮೊದಲ ಸಲ ಕೇಳುತ್ತಿರುವಂತೆ... ಒಂದೊಂದು ಪದವೂ ಎದ್ದು ನಿಂತು ಉಸಿರಾಡುತ್ತಿತ್ತು! 'ನಲವತ್ತು ಸಾವಿರ ಜನ ಓದಿದ್ರೂ ಹೀಗೆ ಯಾರೂ ಓದಲಿಲ್ಲವಲ್ಲ ದೇವರೇ...'

ಕೊನೆಯ ಸಾಲಿಗೆ ಬಂದು ಅವನ ದನಿ ನಿಂತಿತು.

"ನಿಲ್ಲಿಸಿದ್ರಲ್ಲ..."

"ಪೆನ್ ಕೊಡಿ."

ಅವಳ ಮುಖ ಸಣ್ಣಗಾಯಿತು. ಕೊಟ್ಟಳು. ಅವನು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದ.

"ಇಷ್ಟ ಆಗ್ಲಿಲ್ವಾ?"

"ತುಂಬಾ ಇಷ್ಟ ಆಯ್ತು. ಅದಕ್ಕೇ ಹೊಡೆದುಹಾಕಿದ್ದು. ಉಳಿದಿದ್ದೆಲ್ಲಾ ಹಾಕ್ಕೊಳ್ಳಿ. ಇದನ್ನ ಹನ್ನೊಂದು ಜನಕ್ಕೆ ಹಂಚಬೇಡಿ. ನಂಗೊಬ್ಬನಿಗೇ ಹೇಳಿ."

"ನಿಮ್ಮ ಕತ್ತೆ ಹೋಯ್ತಲ್ಲ, ನನ್ನಿಂದ..."

"ಒಂಟೆ ಸಿಕ್ಕಿದೆ. ಡೈರೆಕ್ಟರ್‌ಗೆ ನಾನೇ ಹೇಳ್ದೆ, 'ಹೌದು ಸಾರ್, ಭಯ ಇದೆ, ಬಾಗಿಲು ಒಂದು ಗೇಣು ತೆಗೆದಿಡಿ' ಅಂತ. ಮಾತು ಮರೆಸಬೇಡಿ ಈಗ. ಹೇಳಿ."

ಅವಳು ಅತ್ತ ಇತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು. ಏನು ಹೇಳಿದಳೆಂದು ನಿಮಗೆ ತಿಳಿಸುವಂತಿಲ್ಲ. ಸಾಲಿಗೆ ಗೆರೆ ಬಿದ್ದಾಗಿದೆ!

ಏಳು ದನಿಯ ಮನುಷ್ಯನಿಗೆ ಒಂದು ಕ್ಷಣ ಒಂದು ದನಿಯೂ ಹೊರಡಲಿಲ್ಲ.

"ಇನ್ನೊಂದ್ಸಲ..."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."